‘ಎಷ್ಟು ಜನರನ್ನ ಕರ್ಕೊಂಡು ಬರ್ತೀರಾ?’: ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು ಹಾಗೂ ನಿರ್ದೇಶಕರು,
ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಬೆಂಗಳೂರು

ವಿಷಯ: ಸ್ವಂತ ಹಾಡು ಕಟ್ಟುವ ಬ್ಯಾಂಡುಗಳಿಗೂ ರ‍್ಯಾಪರ್‌ಗಳಿಗೂ ಇಲಾಖೆಯ ಸಭಾಂಗಣಗಳನ್ನು ತಿಂಗಳಲ್ಲಿ ಕೆಲವು ಸಂಜೆ ಬಿಟ್ಟುಕೊಡುವ ಕುರಿತು.

ಮಾನ್ಯರೆ,

ಇದು ಧನಸಹಾಯದ ಅರ್ಜಿಯಲ್ಲ. ಹಾಗಾಗಿ ಕಡತಕ್ಕೆ ಸೇರಿಸುವ ಮುನ್ನ ಒಮ್ಮೆ ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ನಾನು ದಾವಣಗೆರೆಯವನು. ಬೆಂಗಳೂರಿನಲ್ಲಿ ಹಗಲು ಒಂದು ಕಂಪನಿಯ ಲೆಕ್ಕ ಬರೆಯುತ್ತೇನೆ, ರಾತ್ರಿ ಒಂದು ಕನ್ನಡ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಸಿನಿಮಾದ ಆಸರೆಯಿಲ್ಲದೆ, ಆಡಿಯೊ ಕಂಪನಿಯ ಮುಂಗಡವಿಲ್ಲದೆ, ತಾವೇ ಬರೆದು ತಾವೇ ರಾಗ ಹಾಕಿ ಹಾಡುವವರ ಲೋಕ ನಮ್ಮದು. ಪತ್ರಿಕೆಯವರು ಇಂಡಿ ಸಂಗೀತ ಎನ್ನುತ್ತಾರೆ. ಈ ಲೋಕ ಯಾರ ಬಲದ ಮೇಲೆ ನಿಂತಿದೆ, ಅದರ ಲಾಭ ಯಾರ ಪಾಲಾಗುತ್ತಿದೆ, ಒಳಗೆ ಬರಲಾಗದೆ ಹೊರಗೇ ಉಳಿದವರು ಯಾರು ಎಂಬುದನ್ನು ತಮ್ಮ ಗಮನಕ್ಕೆ ತಂದು, ತಮ್ಮ ಕೈಯಲ್ಲೇ ಇರುವ ಒಂದು ಕೆಲಸ ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಹೊಸ ಬ್ಯಾಂಡೊಂದು ಪಬ್ಬಿಗೆ ಫೋನ್ ಮಾಡಿ ಗಿಗ್, ಅಂದರೆ ಒಂದು ರಾತ್ರಿಯ ಕಾರ್ಯಕ್ರಮ, ಕೇಳಿತು ಎಂದಿಟ್ಟುಕೊಳ್ಳಿ. ಬುಕಿಂಗ್ ನೋಡಿಕೊಳ್ಳುವವರು ಹಾಡು ಹೇಗಿದೆ ಎಂದು ಕೇಳುವುದಿಲ್ಲ. “ಎಷ್ಟು ಜನರನ್ನ ಕರ್ಕೊಂಡು ಬರ್ತೀರಾ?” ಎನ್ನುತ್ತಾರೆ. ಇದರಲ್ಲಿ ಅವರ ದುಷ್ಟತನವೇನೂ ಇಲ್ಲ. ಇಂದಿರಾನಗರದ, ಕೋರಮಂಗಲದ ಬಾಡಿಗೆ ಕಟ್ಟಬೇಕು, ಅಬಕಾರಿ ಲೈಸೆನ್ಸಿನ ಶುಲ್ಕ ಕಟ್ಟಬೇಕು, ಮಂಗಳವಾರ ಬುಧವಾರ ಖಾಲಿ ಹೊಡೆಯುವ ಮೇಜುಗಳು ತುಂಬಬೇಕು. ಸಂಗೀತ ಆ ಮೇಜು ತುಂಬಿಸುವ ಉಪಾಯ. ನಾವು ಕರೆತರಬೇಕಾದ ಜನ ಎಂದರೆ ಇನ್ಯಾರು, ನಮ್ಮ ಗೆಳೆಯರು.

ಲೆಕ್ಕ ಬರೆಯುವವನ ಚಾಳಿ, ಒಂದು ರಾತ್ರಿಯ ಜಮಾ-ಖರ್ಚು ಬರೆದೇ ತೋರಿಸುತ್ತೇನೆ. ನಾಲ್ಕು ಜನರ ಬ್ಯಾಂಡಿಗೆ 20,000 ರೂಪಾಯಿ ಒಪ್ಪಿದರು ಎನ್ನೋಣ. ಹೊಸಬರಿಗೆ ಅಷ್ಟು ಸಿಕ್ಕರೆ ಪುಣ್ಯ. ಅಭ್ಯಾಸ ಮಾಡುವ ಜ್ಯಾಮ್ ರೂಮಿಗೆ ಗಂಟೆಗೆ 500ರಂತೆ ಮೂರು ದಿನ, ದಿನಕ್ಕೆ ಮೂರು ಗಂಟೆ ಎಂದರೆ 4,500. ಆಂಪ್, ಸಿಂಬಲ್, ಗಿಟಾರ್ ಹೊತ್ತುಕೊಂಡು ಹೋಗಿ ಬರಲು ಎರಡು ಕ್ಯಾಬ್, 2,500. ಸೌಂಡ್ ನೋಡಿಕೊಳ್ಳುವ ಹುಡುಗನಿಗೆ 4,000. ತಂತಿ, ಬ್ಯಾಟರಿ, ಮಧ್ಯರಾತ್ರಿಯ ಊಟ ಎಂದು ಒಂದು ಸಾವಿರ. ಉಳಿದ 8,000ದಲ್ಲಿ ತಲೆಗೆ ಎರಡೆರಡು ಸಾವಿರ, ಅದೂ ಕೈಗೆ ಬರುವುದು ಒಂದೂವರೆ ತಿಂಗಳು ಬಿಟ್ಟು, ನಾಲ್ಕು ಸಲ ನೆನಪಿಸಿದ ಮೇಲೆ. ಈಗ ಆ ಕಡೆಯ ಪುಟ ನೋಡಿ. ನಮ್ಮನ್ನು ಕೇಳಲೆಂದು ಬಂದ ಮೂವತ್ತು ಗೆಳೆಯರು ತಲಾ 1,200 ರೂಪಾಯಿಯದು ತಿಂದು ಕುಡಿದರೆ 36,000. ಅಂದರೆ ನಮ್ಮ ಗೆಳೆಯರು ನಮ್ಮ ಸಂಗೀತದ ಹೆಸರಲ್ಲಿ 36,000 ಬಿಚ್ಚಿದರು, ಅದರಲ್ಲಿ ನಮ್ಮ ಮನೆಗೆ ಬಂದದ್ದು ಎಂಟು. ಅವರು ಒಂದು ಟೋಪಿ ಹಿಡಿದು ತಲೆಗೆ ಮುನ್ನೂರರಂತೆ ನಮಗೇ ಕೊಟ್ಟು ಮನೆಯಲ್ಲಿ ಮಲಗಿದ್ದರೆ ಇಬ್ಬರಿಗೂ ಲಾಭವಿತ್ತು.

ನಾಲ್ಕನೆಯ ಗಿಗ್ಗಿನ ಹೊತ್ತಿಗೆ ಗೆಳೆಯರು ಸುಸ್ತಾಗುತ್ತಾರೆ. ಒಬ್ಬನಿಗೆ ಮಗುವಾಗಿರುತ್ತದೆ, ಇನ್ನೊಬ್ಬ ಪುಣೆಗೆ ವರ್ಗವಾಗಿರುತ್ತಾನೆ, ಮತ್ತೊಬ್ಬನಿಗೆ ಅದೇ ಹಾಡು ಅದೇ ಬಿಲ್ಲು ಸಾಕಾಗಿರುತ್ತದೆ. ಆಗ ಬುಕಿಂಗ್‌ನವರ ಫೋನೂ ನಿಲ್ಲುತ್ತದೆ. ಬ್ಯಾಂಡು ಯಾಕೆ ಒಡೆಯಿತು ಎಂದು ಯಾರಾದರೂ ಕೇಳಿದರೆ “ಕ್ರಿಯೇಟಿವ್ ಡಿಫರೆನ್ಸ್” ಎನ್ನುತ್ತೇವೆ, ಮರ್ಯಾದೆಗೆ.

ಗೆಳೆತನದ ಬಗ್ಗೆ ನನಗೆ ತಕರಾರಿಲ್ಲ. ನನ್ನ ಬೇಸ್ ಆಂಪ್ ಗೆಳೆಯನದು. ನಮ್ಮ ಮೂರು ಹಾಡು ಮಿಕ್ಸ್ ಮಾಡಿದವನು ಬಿರಿಯಾನಿಗೆ ಮಾಡಿಕೊಟ್ಟ. ಪೋಸ್ಟರ್ ಬರೆಯುವವಳು ನಮ್ಮ ಡ್ರಮ್ಮರನ ಅಕ್ಕ. ಕನ್ನಡಕ್ಕೆ ಗೆಳೆತನದ ಮಹಿಮೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಂದ್ರೆಯವರ ಸುತ್ತ ಧಾರವಾಡದಲ್ಲಿ ಕಟ್ಟಿಕೊಂಡದ್ದು ಗೆಳೆಯರ ಗುಂಪೇ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೂತು ಬೀಸುವ ಕುಟ್ಟುವ ಹೆಂಗಸರ ಬಾಯಲ್ಲಿದ್ದ ಹಾಡುಗಳನ್ನು ಬರೆದಿಟ್ಟುಕೊಂಡ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದವರನ್ನು ನಾಡು ಹಲಸಂಗಿ ಗೆಳೆಯರು ಎಂದೇ ಕರೆಯಿತು. ಆದರೆ ಹಲಸಂಗಿ ಗೆಳೆಯರು ಹಾಡು ಸಂಗ್ರಹಿಸಲು ಯಾರ ಮೇಜನ್ನೂ ತುಂಬಿಸಬೇಕಿರಲಿಲ್ಲ.

ಗೆಳೆತನದ ಮೇಲೆ ನಿಂತ ಲೋಕದಲ್ಲಿ, ಗೆಳೆತನ ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೇ ಅವಕಾಶವೂ ಹರಿಯುತ್ತದೆ. ಗೆಳೆತನ ಹುಟ್ಟುವ ಜಾಗಗಳು ಬೆಂಗಳೂರಿನಲ್ಲಿ ಮೊದಲಿನಿಂದ ಕೆಲವೇ. ದೊಡ್ಡ ಕಾಲೇಜುಗಳ ಫೆಸ್ಟು, ಕಂಟೋನ್ಮೆಂಟ್ ಕಡೆಯ ಶಾಲೆಗಳು, ಸ್ವಂತ ಮನೆಯ ಗ್ಯಾರೇಜು. ನ್ಯಾಷನಲ್ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್ ಉತ್ಸವದಲ್ಲಿ ನುಡಿಸಿದ ಬ್ಯಾಂಡುಗಳ ಸದಸ್ಯರು ಒಬ್ಬರಿಗೊಬ್ಬರು ಪರಿಚಯವಾಗಿ, ಮುಂದೆ ಅವರಲ್ಲೇ ಕೆಲವರು ಸ್ಟುಡಿಯೊ ತೆರೆದು, ಕೆಲವರು ಬುಕಿಂಗ್ ಹಿಡಿದು, ಕೆಲವರು ಪತ್ರಿಕೆಗಳಲ್ಲಿ ವಿಮರ್ಶೆ ಬರೆದರೆ ಅದು ಸಹಜ. ಅದರಲ್ಲಿ ಪಿತೂರಿ ಹುಡುಕುವುದು ಮೂರ್ಖತನ. ಆದರೆ ಆ ಕೊಂಡಿಯಲ್ಲಿ ದಾವಣಗೆರೆಯ ಡಿಆರ್‌ಎಂ ಕಾಲೇಜಿನವನು ಎಲ್ಲಿ ಸೇರಿಕೊಳ್ಳಬೇಕು? ಅವನ ಗೆಳೆಯರು ಒಳ್ಳೆಯವರೇ, ಆದರೆ ಇಂದಿರಾನಗರದಲ್ಲಿ 1,200 ರೂಪಾಯಿಯ ಬಿಲ್ಲು ಕೊಡುವವರಲ್ಲ.

ಹರಿಹರದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಚೆನ್ನಾಗಿ ರ‍್ಯಾಪ್ ಮಾಡುತ್ತಾನೆ, ನಮ್ಮ ಕಡೆಯ ಮಾತಿನ ಬೀಸು ಅವನ ಸಾಲುಗಳಲ್ಲಿ ಹಾಗೇ ಬರುತ್ತದೆ. ಟ್ರ್ಯಾಕುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಪ್ಯಾಸೆಂಜರ್ ರೈಲು ಹತ್ತಿ, ಹೆಸರು ಬರೆಸಿದ ಯಾರು ಬೇಕಾದರೂ ಹಾಡಬಹುದಾದ ಒಂದು ಓಪನ್ ಮೈಕಿಗೆ ಬಂದ. ಸಂಜೆ ಆರಕ್ಕೆ ಹೆಸರು ಬರೆಸಿದವನಿಗೆ ಹತ್ತೂಕಾಲಾದರೂ ಸರದಿ ಬರಲಿಲ್ಲ, ಯಾಕೆಂದರೆ ಹೆಸರು ಬರೆದುಕೊಳ್ಳುತ್ತಿದ್ದವನ ಪರಿಚಯಸ್ಥರು ಬಂದ ಹಾಗೆಲ್ಲ ಪಟ್ಟಿಯಲ್ಲಿ ಮೇಲೆ ಸೇರಿಕೊಳ್ಳುತ್ತಿದ್ದರು. ಪಟ್ಟಿ ಬರೆಯುವವನಿಗೆ ಇದು ಅನ್ಯಾಯ ಎಂದೂ ಹೊಳೆದಿರಲಿಕ್ಕಿಲ್ಲ. ಗೆಳೆಯ ಬಂದ, ಬರೆದುಕೊಂಡ. ಕೊನೆಗೆ ಮೈಕ್ ಸಿಕ್ಕಾಗ ವೇಟರ್‌ಗಳು ಕುರ್ಚಿ ಮೇಜಿನ ಮೇಲೆ ಎತ್ತಿಡುತ್ತಿದ್ದರು. ಹುಡುಗ ಒಂದೇ ಹಾಡು ಹಾಡಿ ಮೆಜೆಸ್ಟಿಕ್ಕಿಗೆ ಓಡಿದ.

ಹೆಣ್ಣುಮಕ್ಕಳ ಸಮಸ್ಯೆ ಇದಕ್ಕಿಂತ ಸೂಕ್ಷ್ಮ. ಗಿಗ್ ಮುಗಿದ ಮೇಲೆ ಹೊರಗೆ ಸಿಗರೇಟು ಹಚ್ಚಿಕೊಂಡು ನಿಲ್ಲುವ ಅರ್ಧ ಗಂಟೆ ಇದೆಯಲ್ಲ, ಮುಂದಿನ ತಿಂಗಳ ಲೈನಪ್ಪು ತೀರ್ಮಾನವಾಗುವುದು ಅಲ್ಲಿ. “ಹದಿನೆಂಟಕ್ಕೆ ಒಂದು ಸ್ಲಾಟ್ ಖಾಲಿ ಇದೆ, ಬರ್ತೀರಾ ಮಗಾ?” ಎಂಬ ಒಂದು ಮಾತಿನಲ್ಲಿ ಕೆಲಸ ಆಗಿಹೋಗುತ್ತದೆ. ಲೇಡೀಸ್ ಪಿ.ಜಿ.ಯ ಗೇಟು ಹತ್ತು ಗಂಟೆಗೆ ಹಾಕುತ್ತಾರೆ. ನಮ್ಮ ಹಾಡುಗಳಲ್ಲಿ ಎರಡನೆಯ ದನಿ ಹಾಡುವಾಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಹಾಡುತ್ತಾಳೆ. ಆಕೆ ಈ ಅರ್ಧ ಗಂಟೆಯಲ್ಲಿ ಒಮ್ಮೆಯೂ ಇದ್ದದ್ದಿಲ್ಲ. ಆಕೆಗೆ ತನ್ನದೇ ಬ್ಯಾಂಡು ಕಟ್ಟುವ ಆಸೆಯಿದೆ.

ಜಾತಿಯ ಮಾತೂ ಇಲ್ಲೇ ಬರುತ್ತದೆ. ನಾವು ಜಾತಿ ಕೇಳಿ ಗೆಳೆತನ ಮಾಡುವುದಿಲ್ಲ ಎಂದು ಎಲ್ಲರೂ ಪ್ರಾಮಾಣಿಕವಾಗಿಯೇ ಹೇಳುತ್ತೇವೆ. ಬಡಾವಣೆ, ಶಾಲೆ, ಮನೆಯಲ್ಲಿ ಚಿಕ್ಕಂದಿನಲ್ಲಿ ಕಲಿಸಿದ ಸಂಗೀತ, ಇವೆಲ್ಲ ಆ ಕೆಲಸವನ್ನು ನಮಗಿಂತ ಮೊದಲೇ ಮಾಡಿ ಮುಗಿಸಿರುತ್ತವೆ. ಚೆನ್ನೈನಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಂಸ್ಥೆಯೂ ಸಂಗೀತಗಾರ ಟೆನ್ಮಾ ಅವರೂ ಸೇರಿ, ಅಲ್ಲಿನ ಕೇರಿಗಳ ಜನಪದ ಹಾಡಾದ ಗಾನಾ ಹಾಡುವವರನ್ನೂ ರ‍್ಯಾಪರ್‌ಗಳನ್ನೂ ಒಟ್ಟುಗೂಡಿಸಿ 19 ಜನರ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಎಂಬ ಬ್ಯಾಂಡು ಕಟ್ಟಿದರು, 2018ರ ಜನವರಿಯಲ್ಲಿ ಅದು ಮೊದಲ ಸಲ ವೇದಿಕೆ ಹತ್ತಿತು. ಗೆಳೆಯರ ಗೆಳೆಯರನ್ನು ಸೇರಿಸುತ್ತ ಹೋಗಿದ್ದರೆ ಉತ್ತರ ಚೆನ್ನೈನ ಗಾನಾ ಹಾಡುಗಾರನೂ ಸ್ಟುಡಿಯೊದ ಗಿಟಾರಿಗನೂ ಒಂದೇ ವೇದಿಕೆಗೆ ಬರುವುದು ಕಷ್ಟವಿತ್ತು. ಯಾರೋ ಉದ್ದೇಶಪಟ್ಟು ಬೇಲಿ ದಾಟಬೇಕಾಯಿತು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಒಂದು ಪ್ರಬಂಧ ಈ ವಿಷಯದಲ್ಲಿ ನನಗೆ ಕಣ್ಣು ತೆರೆಸಿತು. ಹೊಸ ಕೆಲಸದ ಸುದ್ದಿ ಮುಟ್ಟಿಸುವುದರಲ್ಲಿ ಜೀವದ ಗೆಳೆಯರಿಗಿಂತ ದೂರದ ಪರಿಚಯಸ್ಥರದೇ ಮೇಲುಗೈ ಎಂಬುದು ಅವರ ವಾದ. ಜೀವದ ಗೆಳೆಯನಿಗೆ ನಿಮಗೆ ಗೊತ್ತಿರುವುದೇ ಗೊತ್ತಿರುತ್ತದೆ, ದೂರದವನಿಗೆ ಬೇರೆ ಬಾಗಿಲು ಗೊತ್ತಿರುತ್ತದೆ. ಬೆಂಗಳೂರಿನ ರ‍್ಯಾಪ್‌ಗೆ ಬುನಾದಿ ಹಾಕಿದ ಬ್ರೋಧಾ ವಿ ಮತ್ತು ಸ್ಮೋಕಿ ದ ಘೋಸ್ಟ್ ಒಬ್ಬರಿಗೊಬ್ಬರು ಸಿಕ್ಕಿದ್ದು ಆರ್ಕುಟ್‌ನಲ್ಲಿ ನಡೆಯುತ್ತಿದ್ದ ರ‍್ಯಾಪ್ ಕದನಗಳಲ್ಲಿ. ಯಾವ ಕಾಲೇಜು, ಯಾವ ಏರಿಯಾ ಎಂದು ಕೇಳದೆ ಅಪರಿಚಿತರು ಎದುರುಬದುರಾಗುವ ಒಂದು ಜಾಗ ಆಗ ಅಲ್ಲಿತ್ತು. ಆ ಆರ್ಕುಟ್ಟೂ 2014ರಲ್ಲಿ ಮುಚ್ಚಿಹೋಯಿತು.

ಈಗ ಸರ್ಕಾರದ ಪಾತ್ರಕ್ಕೆ ಬರುತ್ತೇನೆ. ಡಾನ್ಸ್ ಬಾರು, ಕ್ಯಾಬರೆ, ‘ಲೈವ್ ಬ್ಯಾಂಡ್’ಗಳನ್ನು ಹದ್ದಿನಲ್ಲಿಡಲು ಬೆಂಗಳೂರು ನಗರಕ್ಕೆಂದು 2005ರಲ್ಲಿ ಒಂದು ಲೈಸೆನ್ಸಿಂಗ್ ಆದೇಶ ಬಂತು. ವರ್ಷಗಟ್ಟಲೆ ವ್ಯಾಜ್ಯವಾಗಿ, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಮಳೆಗಾಲದಲ್ಲಿ ಪೊಲೀಸರು ಪಬ್ಬು, ರೆಸ್ಟೋರೆಂಟುಗಳಿಗೆ ಹೋಗಿ ಲೈಸೆನ್ಸ್ ಎಲ್ಲಿ ಎಂದು ಕೇಳತೊಡಗಿದರು. ಲೈಸೆನ್ಸ್ ಬೇಕೆಂದರೆ ಕಟ್ಟಡದ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಬೇಕು. ಈ ಊರಿನಲ್ಲಿ ಎಷ್ಟು ಕಟ್ಟಡಗಳಿಗೆ ಓಸಿ ಇದೆ ಎಂಬುದು ತಮಗೇ ಚೆನ್ನಾಗಿ ಗೊತ್ತು. ಹಲವಾರು ಕಡೆ ರಾತ್ರೋರಾತ್ರಿ ಗಿಟಾರು ನಿಂತಿತು. ಒಂಟಿ ಗಾಯಕಿ ಗಿಟಾರ್ ಹಿಡಿದು ಕುಳಿತರೂ ಅದು ‘ಲೈವ್ ಬ್ಯಾಂಡ್’ ಲೆಕ್ಕಕ್ಕೇ ಬಂತು. 2013ರಲ್ಲಿ ಶುರುವಾಗಿ ಸ್ವಂತ ಹಾಡಿನವರಿಗೆ ಮನೆಯಂತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಅದಕ್ಕೆ ಕಾರಣ ಇದೊಂದೇ ಎಂದು ನಾನು ಹೇಳುವುದಿಲ್ಲ.

ಸಂಗೀತ ನಿಲ್ಲಲಿಲ್ಲ, ಜಾಗ ಬದಲಾಯಿಸಿತು. ಟೆರೇಸು, ಯಾರದೋ ಮನೆಯ ಹಾಲ್, ಯಾರದೋ ಆಫೀಸು. ಅಲ್ಲಿಗೆ ಹೋಗಬೇಕೆಂದರೆ ವಾಟ್ಸ್ಯಾಪ್ ಗುಂಪಿನಲ್ಲಿ ಇರಬೇಕು, ಗುಂಪಿಗೆ ಸೇರಬೇಕೆಂದರೆ ಒಳಗಿನವರೊಬ್ಬರ ಪರಿಚಯ ಬೇಕು. ಪಬ್ಬಿನಲ್ಲಾದರೆ ದುಡ್ಡಿದ್ದ ಅಪರಿಚಿತ ಒಳಗೆ ಬರಬಹುದಿತ್ತು. ಸಾರ್ವಜನಿಕ ಶಿಸ್ತಿಗೆಂದು ಹೊರಟ ಆದೇಶ ಸಂಗೀತವನ್ನು ಸಾರ್ವಜನಿಕರಿಂದಲೇ ದೂರ ಮಾಡಿ ಗೆಳೆಯರ ಬೇಲಿಯನ್ನು ಇನ್ನಷ್ಟು ಎತ್ತರಿಸಿತು.

ಮನೆಯ ಹಾಲ್‌ನ ಸಂಗೀತ ಕಛೇರಿಯೂ ಬಂಡವಾಳದ ಕಣ್ಣು ತಪ್ಪಿಸಿಕೊಳ್ಳಲಿಲ್ಲ. 2009ರಲ್ಲಿ ಲಂಡನ್ನಿನ ಕೆಲವು ಗೆಳೆಯರು, ಪಬ್ಬಿನಲ್ಲಿ ಜನ ಹಾಡು ಕೇಳದೆ ಹರಟುತ್ತಾರೆ ಎಂದು ಬೇಸತ್ತು, ಮನೆಯಲ್ಲೇ ಸಣ್ಣ ಕಛೇರಿ ಮಾಡಿದರು. ಅದು ಸೋಫಾರ್ ಸೌಂಡ್ಸ್ ಎಂದು ಬೆಳೆದು ಜಗತ್ತಿನ ನೂರಾರು ಊರು ಮುಟ್ಟಿತು, ಬೆಂಗಳೂರಿಗೂ ಬಂತು. ಕುರ್ಚಿ ಹಾಕುವವರು, ಬಾಗಿಲು ಕಾಯುವವರು ಬಹುತೇಕ ಸ್ವಯಂಸೇವಕರು, ಹಾಡಿನ ಮೇಲಿನ ಪ್ರೀತಿಗೆ ಬಂದವರು. 2019ರಲ್ಲಿ ಆ ಸಂಸ್ಥೆ ಹೂಡಿಕೆದಾರರಿಂದ 2.5 ಕೋಟಿ ಡಾಲರ್ ಎತ್ತಿತು. ಮರುವರ್ಷ ನ್ಯೂಯಾರ್ಕ್ ರಾಜ್ಯದ ಕಾರ್ಮಿಕ ಇಲಾಖೆಯ ತನಿಖೆ ರಾಜಿಯಲ್ಲಿ ಮುಗಿದು, ಸಂಬಳವಿಲ್ಲದೆ ದುಡಿದ 654 ಮಂದಿಗೆ ಸುಮಾರು 4.6 ಲಕ್ಷ ಡಾಲರ್ ಕೊಡಬೇಕಾಯಿತು. ಗೆಳೆಯರಿಗಾಗಿ ಕುರ್ಚಿ ಹಾಕುವುದು ಯಾವಾಗ ಕೂಲಿಯಿಲ್ಲದ ಕೆಲಸವಾಗುತ್ತದೆ ಎಂದು ಒಂದು ಸರ್ಕಾರಿ ಇಲಾಖೆ ಕೂತು ಲೆಕ್ಕ ಹಾಕಿದ ಅಪರೂಪದ ಸಂದರ್ಭ ಅದು.

ದೊಡ್ಡ ಉತ್ಸವಗಳ ವಿಷಯ ಹೆಚ್ಚು ಹೇಳುವುದಿಲ್ಲ. ಟಿ.ವಿ.ಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧ ಇರುವುದರಿಂದ ಮದ್ಯದ ಕಂಪನಿಗಳು ತಮ್ಮ ಬ್ರ್ಯಾಂಡಿನ ಹೆಸರಲ್ಲಿ ಸೋಡಾ, ‘ಮ್ಯೂಸಿಕ್ ಸಿ.ಡಿ.’ಗಳ ಜಾಹೀರಾತು ಕೊಡುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದೇ ದಾರಿಯಲ್ಲಿ ಸಂಗೀತೋತ್ಸವವೂ ಬಂತು. ಪುಣೆಯಲ್ಲಿ 2010ರಲ್ಲಿ ಶುರುವಾಗಿ ಬೆಂಗಳೂರಿಗೂ ಬಂದ ಎನ್ಎಚ್7 ವೀಕೆಂಡರ್‌ನ ಹೆಸರಿನ ಮುಂದೆ ಬಕಾರ್ಡಿ ಇತ್ತು. ಸ್ವಂತ ಹಾಡಿನವರಿಗೆ ಸಾವಿರಾರು ಕೇಳುಗರನ್ನು ಒದಗಿಸಿದ ಉತ್ಸವ ಅದು, ನಾನೂ ಕೆಸರಲ್ಲಿ ನಿಂತು ಕುಣಿದಿದ್ದೇನೆ. ಆದರೆ ಪ್ರಾಯೋಜಕರಿಗೆ ಬೇಕಾದದ್ದು ಇಂಗ್ಲಿಷ್ ಬಲ್ಲ, ಕೈಯಲ್ಲಿ ಕಾಸಿರುವ ಇಪ್ಪತ್ತೈದರ ಹರೆಯದವರು. ಕನ್ನಡದ ಹಾಡಿಗೆ ಅಲ್ಲಿ ಸಿಕ್ಕರೆ ಬಿಸಿಲಲ್ಲಿ, ಮಧ್ಯಾಹ್ನ ಮೂರೂವರೆಯ ಸ್ಲಾಟು.

ಆನ್‌ಲೈನಿನಲ್ಲಿ ಬಾಗಿಲು ಕಾಯುವವರಿಲ್ಲ, ಯಾರು ಬೇಕಾದರೂ ಹಾಡು ಹಾಕಬಹುದು ಎಂದು ತಮಗೆ ಯಾರಾದರೂ ಹೇಳಿರಬಹುದು. ಹಾಕಬಹುದು, ನಿಜ. ಹಾಡು ಬಿಡುಗಡೆಯಾಗುವ ವಾರದಲ್ಲಿ ನಮ್ಮಂಥವರ ಫೋನು ನೋಡಬೇಕು. ಹಳೆಯ ಸಹಪಾಠಿಗಳು, ಆಫೀಸಿನವರು, ಚಿಕ್ಕಪ್ಪನ ಮಕ್ಕಳು, ಎಲ್ಲರಿಗೂ ಅದೇ ಲಿಂಕು, ಅದೇ ಕೈ ಮುಗಿದ ಇಮೋಜಿ: “ಪ್ರೀ-ಸೇವ್ ಮಾಡಿ ಪ್ಲೀಸ್, ಪೂರ್ತಿ ಕೇಳಿ, ಮಧ್ಯೆ ಸ್ಕಿಪ್ ಮಾಡಬೇಡಿ.” ಮೊದಲ ದಿನಗಳಲ್ಲಿ ಎಷ್ಟು ಜನ ಕೇಳಿದರು, ಉಳಿಸಿಕೊಂಡರು ಎಂಬುದರ ಮೇಲೆ ಹಾಡನ್ನು ಮುಂದಿನವರಿಗೆ ತೋರಿಸಬೇಕೋ ಬೇಡವೋ ಎಂದು ಅಲ್ಗಾರಿದಮ್ಮು ಲೆಕ್ಕ ಹಾಕುತ್ತದೆ. ಪಬ್ಬಿನವನ ಅದೇ ಪ್ರಶ್ನೆಯನ್ನು ಇಲ್ಲಿ ಯಂತ್ರ ಕೇಳುತ್ತದೆ. 2024ರ ಆರಂಭದಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿಗೆ ರಾಯಧನವೇ ಇಲ್ಲ. ಆ ಪುಡಿಗಾಸು ನಮ್ಮನ್ನು ಶ್ರೀಮಂತರನ್ನಾಗಿ ಮಾಡುತ್ತಿರಲಿಲ್ಲ. ಆದರೆ ಅದು ದೊಡ್ಡವರ ಪಾಲಿಗೆ ಸೇರಿಕೊಂಡಿತು. ಹೆಚ್ಚು ಜನರ ಕಿವಿಗೆ ಹಾಡು ಬೀಳಬೇಕೆಂದರೆ ರಾಯಧನದಲ್ಲಿ ಪಾಲು ಬಿಟ್ಟುಕೊಡಿ ಎನ್ನುವ ‘ಡಿಸ್ಕವರಿ ಮೋಡ್’ ಬೇರೆ ಇದೆ.

ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರ್ ಹಿಡಿದು ಹಾಡಿದ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂದದ್ದು ಮುಂಬೈಯ ವಿಶಾಲ್-ಶೇಖರ್ ಜೋಡಿಯ ಲೇಬಲ್ಲಿನಿಂದ. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಶಿಗ್ಗಾಂವಿಯ ಪದ ಮುಂಬೈಯ ಪರಿಚಯ ಹಿಡಿದು ಬೆಂಗಳೂರಿಗೆ ಬರಬೇಕಾಯಿತಲ್ಲ ಎಂಬುದು ಮಾತ್ರ ನನ್ನ ಸಂಕಟ.

ಇನ್ನು ತಮ್ಮ ಇಲಾಖೆ. ಸಂಗೀತ ನೃತ್ಯ ಅಕಾಡೆಮಿಯ ಪ್ರಶಸ್ತಿ ಪಟ್ಟಿಯಲ್ಲಿ ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಸುಗಮ ಸಂಗೀತ, ನೃತ್ಯ, ಗಮಕ, ಕಥಾಕೀರ್ತನ ಇವೆ. ಎಲ್ಲವೂ ಇರಬೇಕಾದವೇ. ಡ್ರಮ್ಸ್, ಬೇಸ್, ಕನ್ನಡದ ಸಾಲು ಇಟ್ಟುಕೊಂಡು ಹಾಡುವ ನಾವು ಯಾವ ಕಲಂನಲ್ಲಿ ಗುರುತು ಹಾಕಬೇಕು? ‘ಇತರೆ’ಯೂ ಇರುವುದಿಲ್ಲ. ಜಿಎಸ್‌ಟಿಯಲ್ಲೂ ಇದೇ ಕಥೆ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಕಲಾವಿದರಿಗೆ ಒಂದು ಕಾರ್ಯಕ್ರಮದ ಸಂಭಾವನೆ 1.5 ಲಕ್ಷ ಮೀರದಿದ್ದರೆ ತೆರಿಗೆ ವಿನಾಯಿತಿ ಇದೆ, ಅದರಾಚೆಯವರಿಗಿಲ್ಲ. ವರ್ಷಕ್ಕೆ 20 ಲಕ್ಷ ದುಡಿಯುವ ತನಕ ನಮಗೆ ಆ ತೆರಿಗೆಯ ಚಿಂತೆಯೇ ಇಲ್ಲವೆನ್ನಿ, ಮತ್ತು ಅದು ಕೇಂದ್ರದ ವಿಷಯ. ಕಾಗದದ ಮೇಲೆ ನಾವು ಇಲ್ಲ ಎಂದು ತೋರಿಸಲು ಹೇಳಿದೆ.

ಸರ್ಕಾರಿ ವೇದಿಕೆಯಲ್ಲಿ ಗೆಳೆತನದ ಕಾಟವಿಲ್ಲ ಎಂದೇನೂ ಅಲ್ಲ. ಅಲ್ಲಿ ಅದರ ಹೆಸರು ಶಿಫಾರಸು ಪತ್ರ. ಉತ್ಸವಗಳ ಕಲಾವಿದರ ಪಟ್ಟಿ ಹೇಗೆ ಬೆಳೆಯುತ್ತದೆ, ಕೊನೆಯ ಎರಡು ದಿನಗಳಲ್ಲಿ ಯಾರ ಫೋನಿಗೆ ಯಾವ ಹೆಸರು ಸೇರುತ್ತದೆ ಎಂಬುದನ್ನು ಕಚೇರಿಯ ಒಳಗಿನವರು ನನಗಿಂತ ಚೆನ್ನಾಗಿ ಬಲ್ಲರು. ಯುವ ದಸರಾದಂಥ ಕಡೆ ಸಿನಿಮಾ ಗಾಯಕರನ್ನು ಕರೆಸದಿದ್ದರೆ ಮೈದಾನ ತುಂಬುವುದಿಲ್ಲ ಎಂಬ ವಾದವೂ ನನಗೆ ಅರ್ಥವಾಗುತ್ತದೆ. ಆದ್ದರಿಂದಲೇ ನಾನು ಉತ್ಸವವನ್ನೂ ಧನಸಹಾಯವನ್ನೂ ಕೇಳುತ್ತಿಲ್ಲ. ಧನಸಹಾಯ ಕೊಟ್ಟರೆ ಆರು ತಿಂಗಳಲ್ಲಿ ಅದಕ್ಕೊಂದು ಗೆಳೆಯರ ಬಳಗ ಹುಟ್ಟುತ್ತದೆ, ಬಹುಶಃ ನನ್ನದೇ.

ನಮ್ಮ ನಾಟಕದವರನ್ನು ನೋಡಿ. ಅವರಲ್ಲೂ ಗುಂಪು, ಜಗಳ, ‘ನಮ್ಮವರು ನಿಮ್ಮವರು’ ಎಲ್ಲ ಇದೆ. ಆದರೆ ಅವರಿಗೆ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಇದೆ, ಮೈಸೂರಿನಲ್ಲಿ 1989ರಿಂದ ಸರ್ಕಾರದ್ದೇ ರಂಗಾಯಣ ಇದೆ, ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ. ರಂಗಶಂಕರದಲ್ಲಿ ಸೋಮವಾರ ಬಿಟ್ಟರೆ ವಾರವಿಡೀ ನಾಟಕ. ತಂಡ ಅರ್ಜಿ ಹಾಕುತ್ತದೆ, ತಾರೀಖು ಸಿಗುತ್ತದೆ, ಜನ ಟಿಕೆಟ್ ತಗೊಂಡು ಬಂದು ನಾಟಕ ನೋಡಿ ಹೋಗುತ್ತಾರೆ. ಕುಡಿದರೆ ಒಂದು ಕಾಫಿ. ಎಷ್ಟು ಬಿಯರ್ ಖರ್ಚಾಯಿತು ಎಂಬುದರ ಮೇಲೆ ನಟನ ಮುಂದಿನ ಪ್ರದರ್ಶನ ನಿಂತಿಲ್ಲ. ಶಾಸ್ತ್ರೀಯ ಸಂಗೀತದವರು ಇನ್ನೂ ಮುಂಚೆಯೇ ಇದನ್ನು ಮಾಡಿಕೊಂಡರು. ಬೆಂಗಳೂರು ಗಾಯನ ಸಮಾಜ 1905ರದು, ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು 1939ರಿಂದ ನಡೆಯುತ್ತಿವೆ. ಅವೂ ಒಂದು ಕಾಲಕ್ಕೆ ಪರಿಚಯಸ್ಥರ ಕೂಟಗಳೇ. ರಸೀದಿ ಪುಸ್ತಕ, ಪದಾಧಿಕಾರಿಗಳು, ನಿಶ್ಚಿತ ಜಾಗ ಎಂದು ಮಾಡಿಕೊಂಡದ್ದರಿಂದ ಮೊದಲ ಗೆಳೆಯರು ತೀರಿಹೋದರೂ ಕಛೇರಿ ನಿಲ್ಲಲಿಲ್ಲ. ನಮ್ಮಲ್ಲೂ 1996ರಿಂದ ಸ್ವಾತಂತ್ರ್ಯೋತ್ಸವದ ಆಸುಪಾಸಿನಲ್ಲಿ ಉಚಿತವಾಗಿ ನಡೆದುಬಂದ ಫ್ರೀಡಂ ಜ್ಯಾಮ್ ಎಂಬ ಸಂಗೀತೋತ್ಸವ ಇದೆ. ವರ್ಷಕ್ಕೊಮ್ಮೆಯ ಜಾತ್ರೆಯಿಂದ ವರ್ಷವಿಡೀ ಹೊಟ್ಟೆ ತುಂಬುವುದಿಲ್ಲ.

ಸರ್ಕಾರಕ್ಕೆ ಇದೆಲ್ಲ ಯಾಕೆ ಎನ್ನುವವರಿಗೆ ಮೇಘಾಲಯ ಉತ್ತರ. ಅಲ್ಲಿನ ಸರ್ಕಾರ ಗ್ರಾಸ್‌ರೂಟ್ಸ್ ಮ್ಯೂಸಿಕ್ ಯೋಜನೆ ಎಂದು ಮಾಡಿ, ಸ್ಥಳೀಯ ಹಾಡುಗಾರರಿಗೂ ಬ್ಯಾಂಡುಗಳಿಗೂ ಸಾರ್ವಜನಿಕ ಜಾಗಗಳಲ್ಲಿ ನುಡಿಸಲು ಅವಕಾಶವನ್ನೂ ಸಂಭಾವನೆಯನ್ನೂ ಕೊಡುತ್ತಿದೆ. ನಮ್ಮಲ್ಲಿ 2025ರ ಫೆಬ್ರುವರಿಯಲ್ಲಿ ಚರ್ಚ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ನಿಂತು ಹಾಡುತ್ತಿದ್ದ ಜಗತ್ಪ್ರಸಿದ್ಧ ಇಂಗ್ಲಿಷ್ ಗಾಯಕ ಎಡ್ ಶೀರನ್ ಅವರ ಮೈಕಿನ ವೈರನ್ನು ಪೊಲೀಸರು ಕಿತ್ತರು. ಅನುಮತಿ ಇತ್ತು ಎಂದು ಅವರು, ಕೊಟ್ಟಿರಲಿಲ್ಲ ಎಂದು ಇವರು. ದೇಶವೆಲ್ಲ ನಕ್ಕಿತು. ನಮಗೆ ಒಂಥರಾ ಸಮಾಧಾನವೇ ಆಯಿತು: ಕೊನೆಗೂ ಈ ಊರಿನಲ್ಲಿ ಒಬ್ಬ ಹಾಡುಗಾರನಿಗೆ ಪರಿಚಯದ ಬಲ ಕೆಲಸಕ್ಕೆ ಬರಲಿಲ್ಲ.

ನನ್ನ ಕೋರಿಕೆ ಇಷ್ಟು. ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ, ಮತ್ತು ಮೊದಲ ಹಂತದಲ್ಲಿ ದಾವಣಗೆರೆ, ಕಲಬುರಗಿ, ಧಾರವಾಡ, ಮಂಗಳೂರಿನಂಥ ನಾಲ್ಕೈದು ಊರುಗಳ ಸರ್ಕಾರಿ ರಂಗಮಂದಿರಗಳಲ್ಲಿ ತಿಂಗಳಿಗೆ ಎರಡು ಸಂಜೆ ಸ್ವಂತ ಹಾಡಿನವರಿಗೆ ಮೀಸಲಿಡಿ. ಬಾಡಿಗೆಯನ್ನು ಹವ್ಯಾಸಿ ನಾಟಕ ತಂಡಗಳ ದರದಲ್ಲಿ ಇಡಿ. ಟಿಕೆಟ್ ನೂರು ರೂಪಾಯಿ, ಬಂದ ದುಡ್ಡು ನುಡಿಸಿದವರಿಗೆ. ಒಂದೊಂದು ಕಡೆ ಒಂದು ಡ್ರಮ್ ಕಿಟ್, ಎರಡು ಆಂಪ್, ಒಂದು ಮಿಕ್ಸರ್, ಅದನ್ನು ನೋಡಿಕೊಳ್ಳಲು ಸಂಬಳದ ಮೇಲೆ ಒಬ್ಬ ಸೌಂಡ್ ಬಲ್ಲವನು. ಇವನು ಬಹಳ ಮುಖ್ಯ. ಇವನಿಲ್ಲದಿದ್ದರೆ ಡ್ರಮ್ ಕಿಟ್ಟು ಎರಡೇ ತಿಂಗಳಲ್ಲಿ ಗೋದಾಮಿನಲ್ಲಿ ಹಳೆಯ ಫ್ಲೆಕ್ಸುಗಳ ಕೆಳಗೆ ಸೇರುತ್ತದೆ. ಹೊರ ಊರಿನಿಂದ ಬರುವವರಿಗೆ ಬಸ್ ಛಾರ್ಜು. ರಾತ್ರಿ ಎಂಟೂವರೆಗೆ ಕಾರ್ಯಕ್ರಮ ಮುಗಿಯಲಿ. ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮಕ್ಕೂ ಅದು ಒಪ್ಪುತ್ತದೆ, ಪಿ.ಜಿ. ಗೇಟಿಗೂ ಒಪ್ಪುತ್ತದೆ.

ಆಯ್ಕೆ ಸಮಿತಿ ಮಾತ್ರ ಬೇಡ. ಸಮಿತಿ ಎಂದರೆ ಮತ್ತೆ ಗೆಳೆಯರು. ಅರ್ಜಿಯ ಜೊತೆ ಎರಡು ಸ್ವಂತ ಹಾಡಿನ ರೆಕಾರ್ಡಿಂಗ್ ಇರಲಿ, ಫೋನಿನಲ್ಲಿ ಮಾಡಿದ್ದಾದರೂ ಸರಿ. ಅಷ್ಟಿದ್ದರೆ ಅರ್ಹತೆ ಮುಗಿಯಿತು. ಒಂದು ಸಂಜೆಗೆ ಮೂರು ತಂಡ, ಮೂರನ್ನೂ ಎಲ್ಲರೆದುರು ಚೀಟಿ ಎತ್ತಿ ಆರಿಸಿ. ಒಂದಾದರೂ ಬೇರೆ ಜಿಲ್ಲೆಯದಿರಲಿ, ಒಂದಾದರೂ ಹೆಣ್ಣುಮಗಳು ನಡೆಸುವ ತಂಡವಾಗಿರಲಿ ಎಂಬ ನಿಯಮ ಸೇರಿಸಿ. ಚೀಟಿಯಲ್ಲಿ ಕೆಟ್ಟ ಬ್ಯಾಂಡೂ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ. ಪಬ್ಬಿನಲ್ಲಿ ಗೆಳೆಯರ ಬಲದಿಂದ ಬರುವ ಕೆಟ್ಟ ಬ್ಯಾಂಡುಗಳನ್ನು ನಾನು ಸಾಕಷ್ಟು ಕೇಳಿದ್ದೇನೆ, ಒಂದೆರಡರಲ್ಲಿ ನುಡಿಸಿಯೂ ಇದ್ದೇನೆ. ಚೀಟಿಯಲ್ಲಿ ಬಂದದ್ದಾದರೆ ಹರಿಹರದ ರ‍್ಯಾಪರ್, ಮಂಗಳೂರಿನ ಮೆಟಲ್ ಬ್ಯಾಂಡು, ಜಯನಗರದ ಗಿಟಾರಿನ ಹುಡುಗಿ ಒಂದೇ ಗ್ರೀನ್ ರೂಮಿನಲ್ಲಿ ಎರಡು ಗಂಟೆ ಕೂತಿರುತ್ತಾರೆ, ಸೌಂಡ್‌ಚೆಕ್ಕಿಗೆ ಕಾಯುತ್ತ ಒಬ್ಬರ ಕೇಬಲ್ ಒಬ್ಬರು ಕೇಳುತ್ತಾರೆ.

‘ಇದು ಕನ್ನಡ ಸಂಸ್ಕೃತಿಯೇ?’ ಎಂಬ ಆಕ್ಷೇಪ ಬಂದರೆ, ಹಾರ್ಮೋನಿಯಂ ಎಲ್ಲಿಂದ ಬಂತು, ಪಿಟೀಲು ಎಲ್ಲಿಂದ ಬಂತು ಎಂದು ಕೇಳಿ ಕಳುಹಿಸಿ.

ಮುಂದಿನ ಮೂರು ತಿಂಗಳ ಖಾಲಿ ತಾರೀಖುಗಳ ಪಟ್ಟಿಯನ್ನು ಇಲಾಖೆಯ ಜಾಲತಾಣದಲ್ಲೂ ಕಲಾಕ್ಷೇತ್ರದ ಬಾಗಿಲಲ್ಲೂ ಹಾಕಿಸಿದರೆ ಮೊದಲ ಚೀಟಿಗೆ ಬೇಕಾದ ಅರ್ಜಿಗಳನ್ನು ನಮ್ಮಂಥವರು ಹದಿನೈದು ದಿನದಲ್ಲಿ ತಂದು ಸುರಿಯುತ್ತೇವೆ. ನಮ್ಮ ಬ್ಯಾಂಡಿನ ಹೆಸರನ್ನು ಮೊದಲ ವರ್ಷದ ಡಬ್ಬಿಗೆ ಹಾಕುವುದಿಲ್ಲ, ಈ ಪತ್ರ ಬರೆದ ಕಾರಣಕ್ಕೆ. ನಮ್ಮ ಎರಡನೆಯ ದನಿಯ ಗಾಯಕಿ ತನ್ನ ಹೆಸರಿನಲ್ಲಿ ಬೇರೆ ಅರ್ಜಿ ಹಾಕುತ್ತಾಳಂತೆ. ಅದಕ್ಕೆ ನಾನು ಜವಾಬ್ದಾರನಲ್ಲ.

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ಬೇಸ್ ಗಿಟಾರಿಗ
ಬೆಂಗಳೂರು